ಭಾನುಪ್ರಿಯ ಕೊಟ್ಟಿಗೆ, ನವ್ಯಶ್ರೀ ಲಿಂಕು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬೂದಿಕೋಟೆಯಿಂದ ಒಳಕ್ಕೆ ಹೋಗುವ ಮಣ್ಣುದಾರಿಯ ಕೊನೆಯ ಕೊಟ್ಟಿಗೆಯಲ್ಲಿ ಭಾನುಪ್ರಿಯ ಸೀಮೆಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕರೆದ ಹಾಲನ್ನು ಹೊಸ ಸ್ಟೀಲ್ ಕ್ಯಾನಿಗೆ ಸುರಿದು, ಮುಚ್ಚಳ ಬಿಗಿದು, ಕ್ಯಾನನ್ನು ನೆಲದ ಮೇಲೆ ಅಡ್ಡ ಮಲಗಿಸುತ್ತಾರೆ. ಮುಚ್ಚಳದ ಅಂಚನ್ನೇ ದಿಟ್ಟಿಸುತ್ತಾರೆ. ಹಾಲಿನ ಒಂದು ಹನಿ ಹೊರಗೆ ಇಣುಕಿ, ದಪ್ಪಗಾಗಿ, ಜಾರುತ್ತದೆ. ಮೊಬೈಲ್ ತೆಗೆದು ಅದರ ಫೋಟೊ ಹಿಡಿಯುತ್ತಾರೆ.

“ಓಯ್ತು, ಇದು ಆಗಲ್ಲ” ಎನ್ನುತ್ತಾರೆ ನನ್ನ ಕಡೆ ತಿರುಗಿ. “ಮೊಪೆಡ್ಡಿಗೆ ಕಟ್ಕಂಡು ಡೇರಿಗೆ ಓಗೋ ಅಷ್ಟ್ರಲ್ಲಿ ಕಾಲ್ ಮೇಲೆಲ್ಲ ಆಲು. ಇಂತಾದ್ದು ತಗಳಿ ಅಂತ ಎಂಗೆ ಬರೀಲಿ?”

ಬಾಗಿಲಲ್ಲಿ ನಿಂತ ಅತ್ತೆ ಚಿಕ್ಕಮುನಿಯಮ್ಮ ಇದನ್ನು ಕೇಳಿಸಿಕೊಂಡು ನಗುತ್ತಾರೆ. “ನಮ್ ಚಿಕ್ಕ ಸೊಸೆ ಆಗಿದ್ರೆ ಇಷ್ಟೊತ್ಗೆ ನಾಕ್ ಜನಕ್ಕೆ ಕೊಡ್ಸಿರೋಳು. ಇವ್ಳು ಇನ್ನೂ ಸೋರ್ತದಾ ಸೋರಲ್ವಾ ಅಂತ ನೋಡ್ತಾ ಕುಂತವ್ಳೆ.”

ಭಾನುಪ್ರಿಯ ಕ್ಯಾನನ್ನು ನೆಟ್ಟಗೆ ಇಡುವಾಗ ಅದು ಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡುತ್ತದೆ.

ಹೈನು ಮಾಡುವವರಿಗಾಗಿ ‘ನಮ್ಮ ಕೊಟ್ಟಿಗೆ’ ಎಂಬ ಕನ್ನಡ ವೆಬ್‌ಸೈಟನ್ನು ನಡೆಸುತ್ತಿರುವವರು ಇವರೇ. ಹಸು ಮಲಗುವ ರಬ್ಬರ್ ಹಾಸು ಯಾವುದು ಬಾಳಿಕೆ ಬರುತ್ತದೆ, ಮೇವು ಕತ್ತರಿಸುವ ಯಂತ್ರದ ಬ್ಲೇಡು ಎಲ್ಲಿ ಸಿಗುತ್ತದೆ ಎಂದು ಹುಡುಕುವವರು ಈ ಸೈಟಿಗೆ ಬರುತ್ತಾರೆ. ಬರೆದವರು ಯಾರೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಊರಿನವರಿಗೆ ಮಾತ್ರ ಗೊತ್ತು: ಹಾಲಿನ ವ್ಯಾನ್ ಓಡಿಸುವ ಮೂರ್ತಿಯ ಹೆಂಡತಿ, ಬಂಗಾರಪೇಟೆಯಲ್ಲಿ ಪಿಯುಸಿ ಮುಗಿಸಿದವಳು, ಸದಾ ಮೊಬೈಲ್ ಒತ್ತುತ್ತ ಬರೆಯುವುದು ಇದನ್ನೇ ಎಂದು.

ಇದರಿಂದ ಸಂಪಾದನೆ ಹೇಗೆ ಎಂದು ಕೇಳಿದರೆ ಅವರ ವಿವರಣೆ ಸರಳ. “ನಂದು ಅಂಗಡಿ ಅಲ್ಲ. ಅಂಗಡಿಗೆ ದಾರಿ ತೋರ್ಸ್ತೀನಿ, ಅಷ್ಟೇ. ನನ್ ಸೈಟಲ್ಲಿರೋ ಲಿಂಕ್ ಒತ್ತಿ ಯಾರಾದ್ರೂ ಸಾಮಾನು ತಗಂಡ್ರೆ ಕಂಪ್ನಿಯೋರು ನಂಗೆ ಒಂದಿಷ್ಟು ಕಮಿಷನ್ ಆಕ್ತಾರೆ. ಅದುಕ್ಕೆ ಅಫಿಲಿಯೇಟ್ ಪ್ರೋಗ್ರಾಮ್ ಅಂತಾರೆ. ಸೇರ್ಕಳಿ ಸೇರ್ಕಳಿ ಅಂತ ದಿನಾ ಯಾವ್ದಾದ್ರೂ ಕಂಪ್ನಿ ಕರೀತಾನೇ ಇರ್ತದೆ. ಯಾವುದಕ್ಕೆ ಸೇರ್ಬೇಕು, ಯಾವುದಕ್ಕೆ ಸೇರ್ಬಾರ್ದು ಅನ್ನೋದೇ ಕೆಲ್ಸ. ಮಿಕ್ಕಿದ್ದೆಲ್ಲ ಟೈಪ್ ಮಾಡೋದು.”

ಇಷ್ಟು ಹೇಳಿ, ನಾನು ಕೇಳದೆಯೇ ಸೇರಿಸುತ್ತಾರೆ: “ಅವ್ಳು ಇದ್ನೇ ಮಾಡಿ ಮೇಲ್ ಬಂದ್ಲು.”

ಅವಳು ಎಂದರೆ ನವ್ಯಶ್ರೀ. ಮೂರ್ತಿಯ ತಮ್ಮ ಸುಧಾಕರನ ಹೆಂಡತಿ, ಭಾನುಪ್ರಿಯಗೆ ವಾರಗಿತ್ತಿ. ಮದುವೆಯಾದ ಹೊಸದರಲ್ಲಿ ನವ್ಯಶ್ರೀ ಇದೇ ಮನೆಯಲ್ಲಿದ್ದರು. ಇಬ್ಬರೂ ಹಜಾರದ ಗೋಡೆಗೆ ಒರಗಿಕೊಂಡು, ಒಂದೇ ಮೊಬೈಲ್ ನಡುವೆ ಇಟ್ಟುಕೊಂಡು ಸೈಟು ಕಟ್ಟುವುದನ್ನು ಕಲಿತರು. ಹಸುವಿನ ವಿಷಯ ಭಾನುಪ್ರಿಯ ಹೇಳುವುದು, ನವ್ಯಶ್ರೀ ಟೈಪ್ ಮಾಡುವುದು. ಸುಧಾಕರ್ ರಾಬರ್ಟ್‌ಸನ್‌ಪೇಟೆಯಲ್ಲಿ ಮಿಕ್ಸಿ ರಿಪೇರಿ ಅಂಗಡಿ ಹಾಕಿದಾಗ ನವ್ಯಶ್ರೀ ಅಲ್ಲಿಗೆ ಹೋದರು, ಮನೆ ಸಾಮಾನಿನ ಬಗ್ಗೆ ತಮ್ಮದೇ ಸೈಟು ಶುರು ಮಾಡಿದರು. ಹೊಟ್ಟೆಕಿಚ್ಚು ಹುಟ್ಟಿದ್ದು ಅದಾದ ಮೇಲೆ.

“ರಬ್ಬರ್ ಹಾಸಿನ ಬಗ್ಗೆ ನಾನು ಮಳೆಗಾಲವೆಲ್ಲ ನೋಡಿ ನೋಡಿ ಬರ್ದೆ. ನಮ್ಮೂರ ಅನಸೂಯಮ್ಮ ಅದುನ್ನ ಓದಿ ತಗಂಡ್ರು. ನಂಗೆ ಕಮಿಷನ್ ಬರ್ಲಿಲ್ಲ. ಯಾಕೆ ಅಂತ ನೋಡಿದ್ರೆ, ನವ್ಯ ಅದೇ ಹಾಸಿನ ಲಿಂಕ್‌ನ ಊರೋರ ವಾಟ್ಸಾಪ್ ಗ್ರೂಪಿಗೆ ಆಕಿದ್ಲು. ಅನಸೂಯಮ್ಮ ಓದಿದ್ದು ನಂದು, ಒತ್ತಿದ್ದು ಅವ್ಳದು. ಕೊನೇಲಿ ಯಾರ ಲಿಂಕ್ ಒತ್ತುತಾರೋ ದುಡ್ಡು ಅವ್ರಿಗೇ. ಅವ್ಳು ಬೇಕಂತ ಮಾಡಿರ್ಲಿಲ್ಲ, ನಂಗೊತ್ತು. ಆದ್ರೂ ಆವತ್ತು ಊಟ ಸೇರ್ಲಿಲ್ಲ.”

ಆಮೇಲೆ ಬಂಗಾರಪೇಟೆಯ ಮಹಿಳಾ ಸಂಘವೊಂದು ನವ್ಯಶ್ರೀಗೆ ಶಾಲು ಹೊದಿಸಿತು. ಆ ಫೋಟೊಗೆ ಕಟ್ಟು ಹಾಕಿಸಿ ಚಿಕ್ಕಮುನಿಯಮ್ಮ ತಂದು ನೇತುಹಾಕಿದ್ದು ಈ ಮನೆಯ ಗೋಡೆಗೆ. ಬಂದವರಿಗೆಲ್ಲ ಅದನ್ನು ತೋರಿಸುವುದು ಅತ್ತೆ, ಅವರಿಗೆಲ್ಲ ಕಾಫಿ ಮಾಡಿಕೊಡುವುದು ಭಾನುಪ್ರಿಯ. “ಸಕ್ಕರೆ ಆಕೋದು ಮರ್ತೋಗ್ತಿತ್ತು” ಎಂದು ನಗುತ್ತಾರೆ. ಆ ನಗುವಿನಲ್ಲಿ ಪೂರ್ತಿ ತಮಾಷೆ ಇಲ್ಲ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಆ ಉರಿಯೇ ಅವರ ಕೈಯಿಂದ ಒಂದು ಕೆಲಸ ಮಾಡಿಸಿತು. ಹೊರರಾಜ್ಯದ ಕಂಪನಿಯೊಂದು ಹಾಲು ಕರೆಯುವ ಯಂತ್ರಕ್ಕೆ ಅಫಿಲಿಯೇಟ್ ಪ್ರೋಗ್ರಾಮ್ ತೆರೆದಿತ್ತು. ಕ್ಯಾನು, ಹಗ್ಗ, ಬಕೆಟ್ಟಿನ ಕಮಿಷನ್ ಇದರ ಮುಂದೆ ಏನೂ ಅಲ್ಲ. ಯಂತ್ರವನ್ನು ಕಣ್ಣಲ್ಲಿ ನೋಡದೆ, ಕಂಪನಿಯವರು ಕಳಿಸಿದ ಫೋಟೊ ಹಾಕಿ, ‘ಕೈನೋವಿಗೆ ವಿದಾಯ’ ಎಂದು ತಲೆಬರಹ ಕೊಟ್ಟು ಭಾನುಪ್ರಿಯ ಬರೆದರು. ಅದೇ ಮೊದಲ ಸಲ ಮುಟ್ಟಿ ನೋಡದ ಸಾಮಾನಿನ ಬಗ್ಗೆ ಅವರು ಬರೆದದ್ದು. “ಅಸು ಗಿಸು ಏನೂ ತಲೇಲಿರ್ಲಿಲ್ಲ. ಅವ್ಳ ಫೋಟೊ ಪಕ್ಕ ನನ್ ಫೋಟೊ ನೇತಾಕ್ಬೇಕು, ಅಷ್ಟೇ ತಲೇಲಿದ್ದದ್ದು.”

ಕೊಂಡವರಲ್ಲಿ ಅದೇ ಊರಿನ ಕೋದಂಡಪ್ಪನೂ ಒಬ್ಬ. ಮುಂಗೈ ಮೂಳೆ ಮುರಿದು ಸರಿಯಾಗಿ ಕೂಡದೆ, ಕೈಯಲ್ಲಿ ಹಿಂಡಿ ಕರೆಯಲಾಗದೆ ಒದ್ದಾಡುತ್ತಿದ್ದವನು. ಮಳೆ ಶುರುವಾಗುವ ಮೊದಲೇ ಯಂತ್ರದಲ್ಲಿ ಹಸುವಿನ ಮೊಲೆಗೆ ಸಿಕ್ಕಿಸುವ ಕಪ್ಪಿನೊಳಗಿನ ರಬ್ಬರು ಸೀಳಿತು. ಅದೊಂದನ್ನೇ ಕಳಿಸಿ ಎಂದು ಕಂಪನಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಸೀಳಿದ ರಬ್ಬರಿನಲ್ಲೇ ನಡೆಸಿದ. ಹಸುವಿಗೆ ಕೆಚ್ಚಲು ಬಾವು ಬಂತು.

ಒಂದು ಬೆಳಿಗ್ಗೆ ಭಾನುಪ್ರಿಯ ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಕೋದಂಡಪ್ಪ ಯಂತ್ರವನ್ನು ಮೊಪೆಡ್ಡಿನಲ್ಲಿ ತಂದು ಜಗಲಿಯ ಮೇಲೆ ಇಳಿಸಿದ.

“ತಗೋಮ್ಮ, ನಿನ್ ಮಿಷಿನ್ನು” ಎಂದ. “ಕಂಪ್ನಿಯೋನು ಯಾರೋ ನಂಗೊತ್ತಿಲ್ಲ. ನಾನು ನಂಬಿದ್ದು ನಿನ್ನ. ಮೂರ್ತಿ ಎಂಡ್ರು ಬರ್ದವ್ಳೆ ಅಂತ ತಾನೆ ತಗಂಡಿದ್ದು?”

ಕೂಗಾಡಲಿಲ್ಲ. ಅಷ್ಟು ಹೇಳಿ ಹೊರಟುಹೋದ. ಆದರೆ ಆ ಸಂಜೆ ಡೇರಿಯ ಮುಂದಿನ ಸಾಲಿನಲ್ಲಿ ಭಾನುಪ್ರಿಯ ನಿಂತಾಗ ಹೆಂಗಸರ ಮಾತು ನಿಂತಿತು. ‘ಯಾವ ಹಾಸು ತಗಳ್ಲಿ’ ಎಂದು ಕೇಳುತ್ತಿದ್ದವರೆಲ್ಲ ಕ್ಯಾನಿನೊಳಗೆ ನೋಡುತ್ತ ನಿಂತರು. ಮರುದಿನದಿಂದ ಭಾನುಪ್ರಿಯ ತಮ್ಮ ಹಸುಗಳನ್ನು ಕರೆದು ಮುಗಿಸಿ, ಕೋದಂಡಪ್ಪನ ಕೊಟ್ಟಿಗೆಗೆ ಹೋದರು. ಅವನು ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಬಾತ ಕೆಚ್ಚಲಿಗೆ ಡಾಕ್ಟರು ಕೊಟ್ಟ ಮುಲಾಮು ಹಚ್ಚಿ, ಕೆಟ್ಟ ಹಾಲನ್ನು ಹಿಂಡಿ ತೆಗೆದು, ಉಳಿದ ಹಸುಗಳನ್ನೂ ಕೈಯಲ್ಲೇ ಕರೆದುಕೊಟ್ಟು ಬರುತ್ತಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಬಾವು ಇಳಿಯಿತು, ಒಂದು ಮೊಲೆ ಮಾತ್ರ ಬತ್ತಿಹೋಯಿತು.

ಎಷ್ಟು ದಿನ ಹೀಗೆ? ರಬ್ಬರು ಸಿಕ್ಕರೆ ಅವನ ಯಂತ್ರ ಓಡುತ್ತದೆ. ಬೂದಿಕೋಟೆಯಲ್ಲಿ ಕೇಳಿದರು, ಬಂಗಾರಪೇಟೆಯಲ್ಲಿ ಅಂಗಡಿ ಅಂಗಡಿ ಸುತ್ತಿದರು. “ಸುಧಾಕರನ್ನ ಕೇಳು, ರಿಪೇರಿಯೋನಲ್ವಾ” ಎಂದು ಗಂಡ ಮೂರ್ತಿ ಹೇಳಿದಾಗ ಕೇಳಿಸದವರಂತೆ ಎದ್ದುಹೋದರು. “ಅವ್ಳ ಮುಂದೆ ಕೈ ಚಾಚೋ ಬದ್ಲು ಜನ್ಮವೆಲ್ಲ ಕೋದಂಡಪ್ಪನ ಅಸು ಕರೆಯೋಣ ಅನ್ಸಿತ್ತು” ಎನ್ನುತ್ತಾರೆ. ಕೊನೆಗೊಂದು ದಿನ ಯಂತ್ರದ ಕಪ್ಪುಗಳನ್ನು ಬ್ಯಾಗಿಗೆ ತುಂಬಿಕೊಂಡು ಬಸ್ಸು ಹತ್ತಿದರು.

ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಸುಧಾಕರ್ ಒಂದು ಮಿಕ್ಸಿಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. “ಬನ್ನಿ ಅತ್ತಿಗೆ” ಎಂದು ಸ್ಟೂಲು ಎಳೆದುಕೊಟ್ಟ. ನವ್ಯಶ್ರೀ ಫೋನಿನಲ್ಲಿದ್ದರು. ಯಾರೊಂದಿಗೋ ದೂರು ಹೇಳುತ್ತಿದ್ದರು: “ಸಾರ್, ಜಾರ್ ಬ್ಲೇಡ್ ಮುರಿದೋಗಿದೆ. ತಗೊಂಡು ತಿಂಗಳೂ ಆಗಿಲ್ಲ. ಯಾರಿಗೆ ತೋರಿಸ್ಲಿ? ಬರೀ ಬ್ಲೇಡ್ ಸಿಗುತ್ತಾ, ಪೂರ್ತಿ ಜಾರೇ ತಗೋಬೇಕಾ?”

ಫೋನ್ ಇಟ್ಟ ಮೇಲೆ ಭಾನುಪ್ರಿಯ ಸುತ್ತ ನೋಡಿದರು. “ಯಾವ್ ಜಾರ್ ಮುರೀತು?”

“ಯಾವ್ದೂ ಇಲ್ಲಕ್ಕ” ಎಂದು ನವ್ಯಶ್ರೀ ನಕ್ಕರು. “ಈ ಕಂಪ್ನಿಯೋರು ತಮ್ಮ ಪ್ರೋಗ್ರಾಮಿಗೆ ಸೇರ್ಕೊಳ್ಳಿ ಅಂತ ಜೀವ ತಿಂತಿದಾರೆ. ಸೇರೋಕ್ ಮುಂಚೆ ನಾನೊಂದು ಸುಳ್ಳು ಕಂಪ್ಲೇಂಟ್ ಕೊಡ್ತೀನಿ. ಮಾರೋವಾಗ ಎಲ್ರೂ ಫೋನ್ ಎತ್ತುತಾರೆ. ಕೆಟ್ಟೋಯ್ತು ಅಂದಾಗ ಯಾರು ಎತ್ತುತಾರೆ ಅಂತ ನೋಡ್ಬೇಕು. ಕಮಿಷನ್ ಎಷ್ಟು ಅನ್ನೋದು ಆಮೇಲೆ.”

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ತಮಿಳಿನಲ್ಲಿ ಕುಕ್ಕರಿನ ರಬ್ಬರ್ ಬಂತೇ ಎಂದು ಕೇಳಿದರು. ನವ್ಯಶ್ರೀ “ವಂದಾಚ್ಚು” ಎಂದು ಡ್ರಾಯರ್ ಎಳೆದರು. ಅವರ ಸೈಟು ನಡೆಯುವುದೂ ಇಂಥ ಸಣ್ಣಪುಟ್ಟ ಬಿಡಿಭಾಗಗಳಿಂದಲೇ ಎಂಬುದು ಭಾನುಪ್ರಿಯಗೆ ಗೊತ್ತಾದದ್ದು ಆಗ. ಮಿಕ್ಸಿಯನ್ನು ಜನ ಒಮ್ಮೆ ಕೊಳ್ಳುತ್ತಾರೆ. ಜಾರು, ಬ್ಲೇಡು, ರಬ್ಬರಿಗಾಗಿ ಮತ್ತೆ ಮತ್ತೆ ಬರುತ್ತಾರೆ. ದಿನವಿಡೀ ಕಂಡಕಂಡ ಗ್ರೂಪಿಗೆ ಲಿಂಕು ಎಸೆದು ಸಂಪಾದಿಸುತ್ತಾಳೆ ಎಂದುಕೊಂಡಿದ್ದ ವಾರಗಿತ್ತಿ ಇಷ್ಟು ಲೆಕ್ಕ ಹಾಕಿ ಹೆಜ್ಜೆ ಇಡುತ್ತಿದ್ದಳು.

“ಎದೆ ಧಗ್ಗಂತು” ಎನ್ನುತ್ತಾರೆ ಭಾನುಪ್ರಿಯ. “ನಾನು ತಪ್ಪು ಮಾಡ್ದೆ ಅಂತ ಅಲ್ಲ. ಈ ಬುದ್ಧಿ ನಂಗ್ ಬರ್ದೆ ಅವ್ಳಿಗ್ ಬಂತಲ್ಲ ಅಂತ. ಅವ್ಳು ಮೋಸದಿಂದ ಮೇಲ್ ಬಂದಿದ್ರೆ ನಂಗೆ ಒಂಥರಾ ಸಮಾಧಾನ ಇರ್ತಿತ್ತು, ನೋಡಿ.”

ಬ್ಯಾಗಿನ ಜಿಪ್ಪು ಎಳೆದು ಕಪ್ಪುಗಳನ್ನು ಟೇಬಲ್ಲಿನ ಮೇಲಿಟ್ಟು, ಏನಾಯಿತೆಂದು ಹೇಳಿದರು. ನವ್ಯಶ್ರೀ ಬುದ್ಧಿವಾದ ಹೇಳಲಿಲ್ಲ. ಸುಧಾಕರ್ ಸೀಳಿದ ರಬ್ಬರಿನ ಅಳತೆ ತೆಗೆದ. ನವ್ಯಶ್ರೀ ಮೊಬೈಲಿನಲ್ಲಿ ಹುಡುಕುತ್ತ, ಒಂದರ ಹಿಂದೆ ಒಂದು ಕಡೆಗೆ ಫೋನ್ ಮಾಡುತ್ತ ಕೂತರು. ಮಧ್ಯಾಹ್ನದ ಊಟ ಆರಿಹೋಯಿತು. ಕೊನೆಗೆ ಹೊಸೂರಿನ ಕಡೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಅದೇ ಅಳತೆಯ ರಬ್ಬರು ಮಾಡುತ್ತಾರೆಂದು ತಿಳಿಯಿತು. ಬಿಡಿಯಾಗಿಯೂ ಕಳಿಸುತ್ತಾರೆ. ಫೋನ್ ಎತ್ತಿದವರು ಕಾರ್ಖಾನೆಯ ಯಜಮಾನರೇ.

“ಇವ್ರದ್ದೂ ಪ್ರೋಗ್ರಾಮ್ ಇದೆ ಅಕ್ಕ, ಕಮಿಷನ್ ಚೂರೇ ಚೂರು” ಎಂದರು ನವ್ಯಶ್ರೀ. “ನೀವ್ ಸೇರ್ಕೊಳ್ಳಿ. ನಂಗೆ ಹಸು ವಿಷ್ಯ ಏನ್ ಗೊತ್ತು?”

“ಅವ್ಳೇ ಸೇರ್ಕಬೋದಿತ್ತು” ಎನ್ನುತ್ತಾರೆ ಭಾನುಪ್ರಿಯ. “ನಂಗ್ ಬಿಟ್ಕೊಟ್ಲು. ಅದುಕ್ಕೂ ಒಟ್ಟೆ ಉರೀತು. ಬಿಟ್ಕೊಡೋ ಅಷ್ಟು ಇದೆಯಲ್ಲ ಅವ್ಳತ್ರ ಅಂತ. ಬಸ್ಸಲ್ಲಿ ಕಿಟ್ಕಿ ಪಕ್ಕ ಕುಂತು ಅತ್ಕಂಡು ಬಂದೆ.”

ರಬ್ಬರು ಬಂತು, ಕೋದಂಡಪ್ಪನ ಯಂತ್ರ ಓಡಿತು. ಭಾನುಪ್ರಿಯ ಹಳೆಯ ಪುಟ ತೆಗೆದುಹಾಕಿ, ಅದೇ ಜಾಗದಲ್ಲಿ ‘ಈ ಯಂತ್ರ ನೋಡದೆ ಬರೆದಿದ್ದೆ, ಕೊಳ್ಳಬೇಡಿ’ ಎಂದು ಸೀಳಿದ ರಬ್ಬರಿನ ಫೋಟೊ ಹಾಕಿದರು. ಕೊಂಡವರು ಇದ್ದರೆ ರಬ್ಬರು ಎಲ್ಲಿ ಸಿಗುತ್ತದೆ ಎಂದೂ ಬರೆದರು. ಮುಳಬಾಗಿಲಿನಿಂದ, ಶ್ರೀನಿವಾಸಪುರದಿಂದ, ಗಡಿಯಾಚೆಯಿಂದ ತೆಲುಗಿನಲ್ಲಿ ಫೋನುಗಳು ಬಂದವು. ಬೈದವರು ಇದ್ದರು. ಬೈದು ಮುಗಿಸಿ, ಮೇವಿನ ಯಂತ್ರದ ಬ್ಲೇಡು ಯಾವುದು ತರಲಿ ಎಂದು ಕೇಳಿದವರೂ ಇದ್ದರು.

ಈಗ ಅವರ ಸೈಟಿನಲ್ಲಿ ಬಿಡಿಭಾಗಗಳಿಗೇ ಒಂದು ವಿಭಾಗ ಇದೆ. ಹೊಸ ಕಂಪನಿ ಕರೆದರೆ ಮೊದಲು ಸಾಮಾನು ಕೊಟ್ಟಿಗೆಗೆ ಬರಬೇಕು, ಹಸುವಿನ ಕಾಲಡಿ ಉಳಿಯಬೇಕು. ಆಮೇಲೆ ಸುಳ್ಳು ಕಂಪ್ಲೇಂಟಿನ ಫೋನು. ಅದನ್ನು ಅವರು ಅತ್ತೆಯ ಕೈಗೇ ಕೊಡುತ್ತಾರೆ. ಚಿಕ್ಕಮುನಿಯಮ್ಮ ಕೆಟ್ಟುಹೋಗದ ಸಾಮಾನು ಕೆಟ್ಟಿದೆ ಎಂದು ಕನ್ನಡ, ತೆಲುಗು ಎರಡರಲ್ಲೂ ಜಗಳ ತೆಗೆಯುವುದನ್ನು ನಾನೇ ಕೇಳಿಸಿಕೊಂಡೆ. ಆ ಜಗಳಕ್ಕೆ ಸಮಾಧಾನದಿಂದ ಉತ್ತರ ಕೊಟ್ಟ ಕಂಪನಿಗೆ ಮಾತ್ರ ಸೈಟಿನಲ್ಲಿ ಜಾಗ. “ನಮ್ಮತ್ತೆ ಬಾಯಿ ತಡ್ಕಂಡೋರು ಯಾರ್ನಾದ್ರೂ ತಡ್ಕತಾರೆ” ಎಂದು ಭಾನುಪ್ರಿಯ ದನಿ ತಗ್ಗಿಸಿ ಹೇಳುತ್ತಾರೆ.

ಡೇರಿಯ ಸಾಲಿನಲ್ಲಿ ಹೆಂಗಸರು ಮತ್ತೆ ಮಾತಾಡಿಸುತ್ತಾರೆ. ಕೋದಂಡಪ್ಪ ಇನ್ನೂ ಅಷ್ಟಕ್ಕಷ್ಟೆ, ಆದರೆ ಹೊಸ ನೀರಿನ ತೊಟ್ಟಿ ತರುವ ಮೊದಲು ಬಂದು, ಜಗಲಿ ಹತ್ತದೆ ಅಂಗಳದಲ್ಲೇ ನಿಂತು, “ಯಾವ್ದು ತರ್ಲಮ್ಮಾ?” ಎಂದು ಕೇಳಿಹೋದನಂತೆ.

ಸಂಪಾದನೆ ಹಿಂಡಿ ಬೂಸಾಕ್ಕೆ ಆಗುತ್ತದೆ, ಒಮ್ಮೊಮ್ಮೆ ಮಿಗುತ್ತದೆ. ವಾರಗಿತ್ತಿಯದು? “ಜಾಸ್ತಿ. ಎಷ್ಟು ಅಂತ ನಂಗೊತ್ತು, ಯೇಳಲ್ಲ.” ಈಚೆಗೆ ನವ್ಯಶ್ರೀ ತಮ್ಮ ಸೈಟಿನಲ್ಲಿ ‘ಹಸುವಿನ ಸಾಮಾನು ಬೇಕಾದರೆ ನಮ್ಮಕ್ಕನನ್ನು ಕೇಳಿ’ ಎಂದು ಬರೆದು ‘ನಮ್ಮ ಕೊಟ್ಟಿಗೆ’ಗೆ ದಾರಿ ಕೊಟ್ಟಿದ್ದಾರೆ. ಸಂತೋಷವಾಯಿತೇ ಎಂದು ಕೇಳಿದೆ. “ಆಯ್ತು. ಆದ್ರೆ ನೋಡಿ, ಅದ್ರಲ್ಲೂ ಅವ್ಳೇ ದೊಡ್ಡೋಳಾಗಿಬಿಟ್ಲು!”

ಬಿಸಿಲು ಕೊಟ್ಟಿಗೆಯ ಒಳಗೆ ಬಂದಿದೆ. ಕೈ ಒರೆಸಿಕೊಂಡು ಭಾನುಪ್ರಿಯ ಮತ್ತೆ ಮೊಬೈಲ್ ಎತ್ತಿಕೊಳ್ಳುತ್ತಾರೆ. ಪರದೆಯಲ್ಲಿ ತೆರೆದುಕೊಳ್ಳುವುದು ನವ್ಯಶ್ರೀಯ ಸೈಟು. ಹೊಸದೇನು ಬರೆದಿದ್ದಾಳೆ ಎಂದು ಮೇಲಿಂದ ಕೆಳಗೆ ನೋಡಿ, ತುಟಿ ಓರೆ ಮಾಡಿ, ಆಮೇಲೆ ತಮ್ಮ ಸೈಟಿಗೆ ಹೋಗುತ್ತಾರೆ. ದಿನವೂ ಹೀಗೆಯೇ ಎಂದು ಒಪ್ಪಿಕೊಳ್ಳುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳಿದರೆ ಬಹಳ ಯೋಚಿಸುವುದಿಲ್ಲ.

“ಶಾಲು ಗೀಲು ಬ್ಯಾಡ. ಒಂದಿನ ಅವ್ಳು ಎದ್ ತಕ್ಷಣ ಮೊದ್ಲು ನನ್ ಸೈಟ್ ತೆಗೀಬೇಕು. ಪೂರ್ತಿ ಓದ್ಬೇಕು. ಓದಿ, ಥತ್, ಇದು ನಂಗ್ಯಾಕೆ ಒಳೀಲಿಲ್ಲ ಅಂತ ಮಕ ಗಂಟಾಕ್ಕೋಬೇಕು. ಅಷ್ಟಾದ್ರೆ ಸಾಕು ನಂಗೆ.”