ವಿಮಾನ ಇಳಿಸಿದ ಸೆರಗು

ನಾನು ಚಿಕ್ಕವಳಿದ್ದಾಗ ನಮ್ಮ ಅವ್ವನ ಸೀರೆಯ ಸೆರಗು ಆಕಾಶದಿಂದ ಒಂದು ವಿಮಾನವನ್ನು ಇಳಿಸಿತ್ತು. ನೀವು ಮೊಮ್ಮಕ್ಕಳು ನಂಬುವುದಿಲ್ಲ, ಗೊತ್ತು. ನಂಬದಿದ್ದರೂ ಪರವಾಗಿಲ್ಲ, ನಡುವೆ ಎದ್ದು ಹೋಗಬೇಡಿ.

ಗಜೇಂದ್ರಗಡದಲ್ಲಿ ನಮ್ಮದು ನೇಯುವ ಮನೆ. ಬೆಳಗಾದರೆ ಮಗ್ಗದ ಸದ್ದು, ಗಂಜಿ ಹಾಕಿದ ನೂಲಿನ ವಾಸನೆ. ಊರ ಹೊರಗೆ, ರಾಜೂರ ದಾರಿಯ ಗಟ್ಟಿ ಕೆಂಪು ನೆಲದಲ್ಲಿ, ಹತ್ತಿ ವ್ಯಾಪಾರದ ಸಾಹುಕಾರರೊಬ್ಬರು ತಮ್ಮ ಪುಟ್ಟ ವಿಮಾನ ಇಳಿಯಲೆಂದು ಮೈದಾನ ಮಾಡಿಸಿದ್ದರು. ಮೊದಲ ಸಲ ವಿಮಾನ ಬಂದಾಗ ಜನ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಆಮೇಲೆ ಎಲ್ಲರಿಗೂ ರೂಢಿಯಾಯಿತು. ಎಮ್ಮೆಗಳಿಗಂತೂ ಎಷ್ಟು ರೂಢಿಯಾಯಿತೆಂದರೆ, ವಿಮಾನ ಬಂದರೂ ಅವು ನಡುಮೈದಾನದಿಂದ ಏಳುತ್ತಿರಲಿಲ್ಲ. ಅವುಗಳನ್ನು ಎಬ್ಬಿಸುವುದೇ ಮೈದಾನ ಕಾಯುವ ಚಾಚಾನ ಕೆಲಸ. ಕೊನೆಗೆ ಸಾಹುಕಾರರಿಗೂ ಸಾಕಾಗಿ, ವಿಮಾನ ಮಾರಿ ಮೈದಾನ ಮುಚ್ಚುವುದೆಂದಾಯಿತು. ಬರುವ ಭಾನುವಾರವೇ ಕೊನೆಯ ಸಲ.

ನನ್ನ ಜೀವ ಬಾಯಿಗೆ ಬಂತು. ಏಕೆಂದರೆ ಆ ವಿಮಾನದಲ್ಲಿ ಕೂತು ನರಗುಂದದ ಗುಡ್ಡ ಸುತ್ತಿ ಬಂದಿದ್ದೇನೆ, ಕೊಣ್ಣೂರಿನ ಹೊಳೆ ಮೇಲಿಂದ ಲಂಗದ ಲಾಡಿಯಂತೆ ಕಾಣುತ್ತದೆ ಎಂದೆಲ್ಲ ತರಗತಿಯಲ್ಲಿ ಬುರುಡೆ ಬಿಟ್ಟಿದ್ದೆ. ಈಗ ಇಡೀ ತರಗತಿ ಭಾನುವಾರ ಬರುವುದಿತ್ತು, ನಾನು ಹತ್ತುವುದನ್ನು ನೋಡಲು.

ಚಾಚಾನ ಮುಂದೆ ಹೋಗಿ ಅತ್ತೆ. ಅಲ್ಲಿ ಕಂಬದ ಮೇಲಿನ ಗಾಳಿಚೀಲ ಹರಿದು ಚಿಂದಿಯಾಗಿತ್ತು. ಗಾಳಿ ಎತ್ತ ಬೀಸುತ್ತಿದೆ ಎಂದು ಅದನ್ನು ನೋಡಿಯೇ ಪೈಲಟ್ ಇಳಿಯಬೇಕು. “ನೇಕಾರ ಮನಿ ಹುಡುಗಿ ಅದಿ. ಒಂದ್ ಚಲೋ ಚೀಲ ಹೊಲಕೊಂಡ್ ಬಾ, ಪೈಲಟ್ ಸಾಹೇಬ್ರಿಗೆ ನಾ ಹೇಳತೀನಿ,” ಎಂದ ಚಾಚಾ.

ಮಗ್ಗದ ಬಟ್ಟೆ ಮುಟ್ಟುವಂತಿರಲಿಲ್ಲ, ಅದರ ಮುಂದೆ ಅಪ್ಪ ಕೂತಿದ್ದ. ಅವ್ವನ ಪೆಟ್ಟಿಗೆಯ ಮುಂದೆ ಯಾರೂ ಕೂತಿರಲಿಲ್ಲ. ಕೆಂಪು ಸೆರಗಿಗೆ ಕತ್ತರಿ ಹಾಕಿದೆ. ಹೊಲಿದವಳು ಅಕ್ಕ. ಚಾಚಾನ ಹಳೆಯ ಚೀಲಕ್ಕೆ ಎರಡೂ ಕಡೆ ಬಾಯಿ ಇತ್ತೆಂದು ನಾನು ಹೇಳಿದರೆ ಅವಳು ನಕ್ಕುಬಿಟ್ಟಳು. “ತಳ ಇಲ್ಲದ್ದಕ್ಕ ಚೀಲ ಅಂತಾರೇನ, ಹುಚ್ಚಿ?” ಎಂದು ಕೆಳಬಾಯಿಗೆ ಎರಡೆರಡು ಹೊಲಿಗೆ ಹಾಕಿದಳು.

ಭಾನುವಾರ ಆ ಚೀಲ ಗಾಳಿ ಕುಡಿದು ಕುಡಿದು ಗಬ್ಬದ ಎಮ್ಮೆಯ ಹೊಟ್ಟೆಯಾಯಿತು. ಕಂಬದ ಸುತ್ತ ಗಿರಗಿರ ತಿರುಗಿತು. ಗಾಳಿ ಎತ್ತಲಿಂದ ಎಂದು ಯಾರಿಗೆ ತಿಳಿಯಬೇಕು? ವಿಮಾನ ಮೇಲೆಯೇ ಸುತ್ತತೊಡಗಿತು. ಚಾಚಾನ ಲೆಕ್ಕದಲ್ಲಿ ಮೂರು ಸುತ್ತು, ನನ್ನ ಲೆಕ್ಕದಲ್ಲಿ ಇಪ್ಪತ್ತೊಂದು. ತರಗತಿ ವಿಮಾನ ಬಿಟ್ಟು ನನ್ನನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಪರ್‍ರೆಂದು ಅಕ್ಕನ ಹೊಲಿಗೆ ಬಿಚ್ಚಿತು, ಸೆರಗು ರಾಜೂರಿನತ್ತ ನೆಟ್ಟಗೆ ಚಾಚಿಕೊಂಡಿತು, ವಿಮಾನ ಇಳಿಯಿತು.

ಕೆಂಪು ಧೂಳು, ಪೆಟ್ರೋಲಿನ ಘಾಟು, ಬಿಸಿ ತಗಡು. ಪೈಲಟ್ ನಗುತ್ತ ನನ್ನನ್ನು ಪಕ್ಕದಲ್ಲಿ ಕೂರಿಸಿ ಪಟ್ಟಿ ಬಿಗಿದರು. ವಿಮಾನದ ಮೂತಿಯ ಫ್ಯಾನು ತಿರುಗಿತು. ನಾನು ತರಗತಿಗೆ ಮಂತ್ರಿಗಳಂತೆ ಕೈ ಬೀಸಿದೆ.

ಧೂಳಿನೊಳಗಿಂದ ಅವ್ವ ಬಂದಳು. ಮನೆಯ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದವಳಿಗೆ ಆಕಾಶದಲ್ಲಿ ತನ್ನ ಸೆರಗು ಕಂಡಿತ್ತು. ನನ್ನ ಕಡೆ ನೋಡಲೂ ಇಲ್ಲ. ವಿಮಾನದ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ಫ್ಯಾನು ನಿಲ್ಲುವವರೆಗೆ ಕಾದು, ಹೇಳಿದಳು: “ನೀವ್ ಆಮ್ಯಾಲ ಹಾರ್ರಿ. ಮೊದಲ ನನ್ನ ಸೆರಗ ಇಳಸ್ರಿ.”

ಸೆರಗು ಇಳಿಯಿತು. ಅದರ ಹಿಂದೆ ನಾನೂ ಇಳಿದೆ. ಸಾಹುಕಾರರು ಮೈದಾನ ಮುಚ್ಚಿದರೆಂದು ಊರಲ್ಲಿ ಹೇಳುತ್ತಾರೆ. ಸುಳ್ಳು. ಮುಚ್ಚಿದ್ದು ನಮ್ಮ ಅವ್ವ.

ಈಗ ಅಲ್ಲಿ ಸೂರ್ಯಕಾಂತಿ ಬೆಳೆಯುತ್ತಾರೆ. ನೀವು ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿ, ಕಿಟಕಿಯ ಸೀಟಿಗೆ ಜಗಳಾಡಿ, ಅದು ಸಿಕ್ಕ ಮೇಲೆ ನಿದ್ದೆ ಮಾಡುತ್ತೀರಿ. ನಾನು ನೆಲ ಬಿಟ್ಟು ಒಂದು ಗೇಣೂ ಏಳದೆ ಇಷ್ಟು ವರ್ಷ ಆ ಹಾರಾಟದ ಸುದ್ದಿ ಹೇಳುತ್ತಿದ್ದೇನೆ. ನಂಬಿಕೆ ಬರದಿದ್ದರೆ ನೀವು ಹೊದೆಯುವ, ಅವ್ವ ಹೊಲಿದ ಕೌದಿ ಬಿಡಿಸಿ ನೋಡಿ. ನಡುವಿನ ಕೆಂಪು ತುಂಡಿನ ಅಂಚಿನಲ್ಲಿ ಅಕ್ಕನ ಸೂಜಿಯ ತೂತುಗಳಿವೆ, ಎರಡೆರಡು ಸಾಲು.