ಕಪ್ಪು ಹೊಗೆಯ ಕಾರಣ ಹುಡುಕಿ ಕನಕಪುರದವರೆಗೆ

ಕುದೂರು ಬಿಡುವಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಹಳೆಯ ಡೀಸೆಲ್ ಲಾರಿಯನ್ನು ನನ್ನ ಅಕ್ಕನ ಗಂಡ ರಂಗಪ್ಪ ಭಾವ ಓಡಿಸುತ್ತಿದ್ದರು. ಬಿಡದಿ ಕಡೆ ಎದ್ದಿದ್ದ ಹೊಸ ಕಾರ್ಖಾನೆಯೊಂದಕ್ಕೆ ಸರಕು ಸಾಗಿಸುವ ಬಾಡಿಗೆ ಅವರಿಗೆ ಸಿಕ್ಕಿತ್ತು. ಆದರೆ ಹೊಗೆ ತಪಾಸಣೆಯ ಚೀಟಿ ಇಲ್ಲದ ಗಾಡಿಯನ್ನು ಅಲ್ಲಿ ಗೇಟಿನೊಳಗೆ ಬಿಡುತ್ತಿರಲಿಲ್ಲ. ಭಾವನ ಲಾರಿ ಈಗಾಗಲೇ ಎರಡು ಸಲ ಫೇಲಾಗಿತ್ತು.

ಮಾಗಡಿಯಲ್ಲಿ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ತೊಳೆಸಿದೆವು. ಅಲ್ಲೇ ಇಡ್ಲಿ ತಿಂದು ರಾಮನಗರ ಸೇರಿದಾಗ ಮಧ್ಯಾಹ್ನ. ತಪಾಸಣೆಯವನು ಸೈಲೆನ್ಸರಿಗೆ ಕೊಳವೆ ತೂರಿಸಿ ಅಕ್ಸಿಲೇಟರ್ ಒತ್ತಿಸಿದ. ಕಪ್ಪು ಹೊಗೆ ಬುಸುಗುಟ್ಟಿತು. ಅವನು ಮೀಟರ್ ನೋಡಿ ಅಡ್ಡಡ್ಡ ತಲೆಯಾಡಿಸಿದ.

"ಪಂಪಿಂದೇ ತೊಂದ್ರೆ ಇರ್ಬೇಕು ಯಜಮಾನ್ರೇ. ಚನ್ನಪಟ್ಟಣದಲ್ಲಿ ಒಸಿ ತೋರ್ಸಿ."

ಚನ್ನಪಟ್ಟಣದ ಮೆಕ್ಯಾನಿಕ್ ಡೀಸೆಲ್ ಪಂಪು ಬಿಚ್ಚಿ ಜೋಡಿಸುವಷ್ಟರಲ್ಲಿ ಮರುದಿನವಾಯಿತು. ಲಾರಿಯಲ್ಲೇ ಮಲಗಿದ್ದೆವು, ಹೆದ್ದಾರಿಯ ಸದ್ದಿಗೆ ಇಬ್ಬರಿಗೂ ನಿದ್ದೆಯಿಲ್ಲ. ಮತ್ತೆ ರಾಮನಗರ, ಮತ್ತೆ ಅದೇ ಹೊಗೆ. ಈ ಸಲವೂ ಫೇಲು. ಭಾವ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕುಳಿತರು.

"ಇಂಜಿನ್ನೇ ಹೋಗೈತೆ ಕಣ್ಲಾ. ಕನಕಪುರದಲ್ಲಿ ಒಬ್ರು ಲಾರಿ ಕ್ರಯಕ್ಕೆ ಕೇಳ್ತಾವ್ರೆ. ಕೊಟ್ಬುಡನ, ನಡಿ" ಅಂದರು.

ಕನಕಪುರದ ದಾರಿಯಲ್ಲಿ ಒಂದು ಏರು ಹತ್ತಲಾರದೆ ಲಾರಿ ನಿಂತೇಬಿಟ್ಟಿತು. ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ ನಾನು ಮುಂದೆ ನಿಂತೆ. ಭಾವ ಅಕ್ಸಿಲೇಟರ್ ಒತ್ತಿದೊಡನೆ, ಏರ್ ಫಿಲ್ಟರಿನಿಂದ ಇಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪು ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಯಿತು. ಕಾಲು ತೆಗೆದಾಗ ಮತ್ತೆ ದುಂಡಗಾಯಿತು.

"ಭಾವ, ಇಳ್ದು ಬಂದ್ ನೋಡಿ!"

ನಾನು ಒತ್ತಿದೆ, ಅವರು ನೋಡಿದರು. "ಗಾಳೀನೇ ಹೋಯ್ತಿಲ್ವಲ್ಲೋ! ಡೀಸೆಲ್ ಎಂಗ್ ಉರಿದೀತು? ಎಲ್ಲಾ ಹೊಗೆ ಆಯ್ತಾ ಐತೆ!" ಎಂದು ಆ ಮೆತ್ತಗಾದ ಪೈಪನ್ನು ಹಿಚುಕಿ ಹಿಚುಕಿ ನೋಡಿದರು.

ನಿಧಾನವಾಗಿ ಕನಕಪುರ ಮುಟ್ಟಿ ಹೊಸ ಪೈಪು ಹಾಕಿಸಿದೆವು. ಅಲ್ಲಿನ ತಪಾಸಣೆಯಲ್ಲಿ ಲಾರಿ ಪಾಸಾಯಿತು. ನನಗೆ ಹೋದ ಜೀವ ಬಂದಂತಾಯಿತು.

"ನಾಳೇನೇ ಫ್ಯಾಕ್ಟ್ರಿಗೆ ಹೋಗನ, ಭಾವ."

ಅವರು ತಪಾಸಣೆಯ ಚೀಟಿ ಮಡಚಿ ಜೇಬಿಗಿಟ್ಟರು. "ಇಲ್ಲ ಕಣಪ್ಪ, ಕೊಟ್ಬುಡ್ತೀನಿ. ಏರ್‌ನಲ್ಲಿ ನಿಂತೋಯ್ತಲ್ಲ, ಆಗ ನಂಗೆ ದುಃಖ ಆಗ್ಲಿಲ್ಲ. ಸದ್ಯ ಮುಗೀತು ಅನ್ನಿಸ್ತು. ಸೊಂಟ ಸೋತೈತೆ. ಗಾಡಿ ಕಾಯಿಲೆ ಏನೂಂತ ಗೊತ್ತಿಲ್ದೆ ಇನ್ನೊಬ್ರ ಕೊರಳಿಗೆ ಕಟ್ಟಕ್ಕೆ ಹೊಂಟಿದ್ದೆ, ಅದೊಂದೇ ಮನ್ಸಿಗೆ ಚುಚ್ತಿತ್ತು. ಈಗ ಧೈರ್ಯವಾಗಿ ಕೊಡಬೌದು."

ಕೊಳ್ಳುವವರ ಅಂಗಳದಲ್ಲಿ ಲಾರಿ ಬಿಟ್ಟು, ಕೀಲಿ ಕೊಟ್ಟು, ಬಸ್ ಸ್ಟ್ಯಾಂಡಿಗೆ ನಡೆದೆವು. ರಾಮನಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಭಾವ, ನಾನು ಟಿಕೆಟ್ ಕೊಳ್ಳುವಷ್ಟರಲ್ಲೇ ನಿದ್ದೆಹೋದರು.

ಊರಾಚೆ ಹಿಂದಿನಿಂದ ಹಾರನ್ ಕೇಳಿಸಿತು. ಹೊಸ ಚಾಲಕನೊಬ್ಬ ನಮ್ಮ ಲಾರಿಯನ್ನು ಓಡಿಸಿಕೊಂಡು ಬಸ್ಸನ್ನು ದಾಟಿ ಮುಂದೆ ಹೋದ. ಹಿಂದೆ ಹೊಗೆಯೇ ಇರಲಿಲ್ಲ. ಭಾವನನ್ನು ಎಬ್ಬಿಸಲು ಕೈ ಎತ್ತಿದವನು ಸುಮ್ಮನಾದೆ. ಅವರು ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ನಾನೊಬ್ಬನೇ ನೋಡಿದೆ.