ಅಪ್ಪ ಎಂಜಿನ್ ಬಿಟ್ಟ ವರ್ಷ

ಕಳೆದ ವಾರ ಮಗ ಕರೆಂಟಿನ ಸ್ಕೂಟರ್ ತಂದ. ನಾನು ಅಂಗಳದಲ್ಲಿ ಶೇಂಗಾ ಹರವುತ್ತಿದ್ದೆ. ಅದು ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಂತಿತು. ಹೊಗೆಯಿಲ್ಲ, ಪೆಟ್ರೋಲಿನ ವಾಸನೆಯಿಲ್ಲ. ಬೆಚ್ಚಿಬಿದ್ದು ಮೊರ ಕೈಯಿಂದ ಬೀಳಿಸಿದೆ. ಮಗ ಇಳಿಯುವ ಮೊದಲೇ ಭಾಷಣ ಶುರು ಮಾಡಿದ: ಭೂಮಿ ಬಿಸಿಯಾಗುತ್ತಿದೆ, ಎಣ್ಣೆ ಮುಗಿಯುತ್ತಿದೆ, ಪ್ರತಿಯೊಬ್ಬರೂ ಏನಾದರೊಂದು ಬಿಡಬೇಕು. ಓಣಿಯ ತುದಿಯಿಂದ ಹಾಲು ತರಲಿಕ್ಕೂ ಗಾಡಿ ಹತ್ತುವವನು ಹೀಗೆಲ್ಲ ಹೇಳಿದರೆ ಕೇಳಲಿಕ್ಕೆ ಚೆನ್ನಾಗಿಯೇ ಇರುತ್ತದೆ.

ಬಿಡುವುದೆಂದರೆ ನನಗೆ ನೆನಪಾಗುವವನು ನನ್ನ ಅಪ್ಪ. ನನ್ನ ತವರು ರಾಯಬಾಗದ ಹತ್ತಿರದ ಹಳ್ಳಿ. ಕಬ್ಬಿನ ಹೊಲ, ಮನೆಗೆ ಹೊಂದಿಕೊಂಡೇ ಬಸದಿ. ಎಂಬತ್ತರ ದಶಕದಲ್ಲಿ ಅಪ್ಪ ಒಂದು ಮೊಪೆಡ್ ಕೊಂಡ. ಅದರ ಮೇಲೆ ಅವನಿಗಿದ್ದ ಪ್ರೀತಿಯನ್ನು ನಾವು ಮಕ್ಕಳು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ನೋಡುತ್ತಿದ್ದೆವು. ಹೊಲಕ್ಕೆ, ಸಂತೆಗೆ, ಕೊನೆಗೆ ಪಕ್ಕದ ಬಸದಿಗೂ ಅದರ ಮೇಲೆಯೇ ಸವಾರಿ.

ಒಂದು ಮಳೆಗಾಲ ನಮ್ಮೂರ ಬಸದಿಯಲ್ಲಿ ಮುನಿಗಳ ಚಾತುರ್ಮಾಸವಾಯಿತು. ಇಷ್ಟವಾದದ್ದೊಂದನ್ನು ಬಿಡುತ್ತೇನೆಂದು ಮುನಿಗಳ ಮುಂದೆ ನೇಮ ತೆಗೆದುಕೊಳ್ಳುವುದು ನಮ್ಮಲ್ಲಿ ಪದ್ಧತಿ. ನಮ್ಮ ಜನ ಜಾಣರು. ನನ್ನ ಕಾಕಾ ಗಜ್ಜರಿ, ಎಂದರೆ ಕ್ಯಾರೆಟ್, ಬಿಟ್ಟ. ಅವನಿಗೆ ಹುಟ್ಟಿದಾಗಿನಿಂದ ಗಜ್ಜರಿ ಕಂಡರಾಗದು. ಹಲ್ಲಿಲ್ಲದ ನಮ್ಮ ಅಜ್ಜಿ ಕಬ್ಬು ತಿನ್ನುವುದನ್ನು ಬಿಟ್ಟಳು. ಅಪ್ಪ ಮಾತ್ರ ಏನು ಬಿಟ್ಟನೆಂದು ಯಾರಿಗೂ ಹೇಳಲಿಲ್ಲ. ಮರುದಿನ ಮೊಪೆಡ್‌ ಮೇಲೆ ಗೋಣಿಚೀಲ ಹೊದಿಸಿದ. ಅಟ್ಟದಿಂದ ಹಳೆಯ ಸೈಕಲ್ ಇಳಿಸಿ ಚೈನಿಗೆ ಎಣ್ಣೆ ಬಿಟ್ಟ.

ಊರಿನವರು ಪೆಟ್ರೋಲಿನ ರೇಟಿಗೆ ಹೆದರಿದ ಎಂದರು. ನಾನು ಅವ್ವನನ್ನೇ ಕೇಳಿದೆ. "ಒಂದು ವರ್ಷ ಎಂಜಿನ್ ಇದ್ದ ಗಾಡಿ ಹತ್ತೂದಿಲ್ಲಂತ ನೇಮ ತಗೊಂಡಿರಬೇಕು," ಎಂದಳು ಅವ್ವ. "ಗಾಲಿಗೆ ಮುಳ್ಳು ನೆಟ್ಟಿದ್ರೂ ಗಾಡಿ ಮ್ಯಾಲಿಂದ ಇಳೀದ ಮನಷ್ಯಾ ಅವರು. ಮತ್ತೇನಿರತೈತಿ? ನೀ ಮಾತ್ರ ಕೇಳಬ್ಯಾಡ. ಕೇಳಿದ್ರ ಹೇಳಬೇಕಾಗತೈತಿ. ನೇಮ ಬಾಯಿಬಿಟ್ಟು ಹೇಳಿದ್ರ ಅದರ ಪುಣ್ಯ ಹೋಗತೈತಿ." ಇದು ಶಾಸ್ತ್ರದಲ್ಲಿದೆಯೋ ಇಲ್ಲವೋ ಗೊತ್ತಿಲ್ಲ, ನಮ್ಮ ಮನೆಯಲ್ಲಂತೂ ಇತ್ತು.

ಅಪ್ಪ ಮರೆತದ್ದು ಒಂದೇ. ಆ ವರ್ಷದೊಳಗೇ ನನ್ನ ಮದುವೆಯ ಮಾತು ಬರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ದೀಪಾವಳಿಯ ನಂತರ ನಿಪ್ಪಾಣಿಯ ತಂಬಾಕು ವ್ಯಾಪಾರಿಗಳ ಮನೆಯಿಂದ ಸಂಬಂಧ ಕೂಡಿಬಂತು. ಹುಡುಗ ನೋಡಲು ಬಂದಾಗ ತಲೆಯೆತ್ತಿ ಒಂದು ಸಲ ನೋಡಿದ್ದೆ. ನನಗೆ ಒಪ್ಪಿಗೆಯಾಗಿತ್ತು, ಈಗ ಹೇಳಲಿಕ್ಕೆ ನಾಚಿಕೆಯೇನು, ಬಹಳ ಒಪ್ಪಿಗೆಯಾಗಿತ್ತು. ಅವರ ಅಜ್ಜಿ ಹಾಸಿಗೆ ಹಿಡಿದಿದ್ದರಿಂದ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಅವರ ಮನೆಯಲ್ಲೇ ಎಂದಾಯಿತು. ನಮ್ಮನ್ನು ಕರೆತರಲು ಅವರು ಕಾರು ಕಳಿಸಿದರು, ಜೊತೆಗೆ ಹುಡುಗನ ಕಾಕಾ.

ಕಾರು ಬರುವ ಮೊದಲೇ ಸೈಕಲ್ ಹತ್ತಿ ಹೊರಟುಬಿಡುವ ಲೆಕ್ಕ ಅಪ್ಪನದು. ಕಾರು ಬೇಗ ಬಂತು. ಬಂದವರಿಗೆ ಅವಲಕ್ಕಿ, ಚಹಾ ಆಗುವಷ್ಟರಲ್ಲಿ ಬಿಸಿಲು ಏರಿತು. "ಹತ್ರಿ ಯಜಮಾನ್ರ," ಎಂದರು ಆ ಕಾಕಾ, ಮುಂದಿನ ಬಾಗಿಲು ತೆರೆದು.

"ನೀವು ನಡೀರಿ, ನಾ ಹಿಂದ ಸೈಕಲ್ ಮ್ಯಾಲ ಬರ್ತೀನ್ರಿ."

"ನಿಪ್ಪಾಣಿಗೆ? ಸೈಕಲ್ ಮ್ಯಾಲ?"

ಅಪ್ಪ ಸುಳ್ಳು ಹೇಳುವವನಲ್ಲ, ನಿಜ ಹೇಳುವಂತಿಲ್ಲ. ಸುಮ್ಮನೆ ನಕ್ಕ. ಅವ್ವನಿಗೆ ಅಂಥ ತೊಡಕೇನೂ ಇರಲಿಲ್ಲ. "ಅವರಿಗೆ ಪೆಟ್ರೋಲಿನ ವಾಸನಿ ಆಗೂದಿಲ್ರಿ," ಎಂದಳು. ಕಾಕಾ ಗೋಣಿಚೀಲದ ಕೆಳಗಿನಿಂದ ಇಣುಕುತ್ತಿದ್ದ ಮೊಪೆಡ್‌ ನೋಡಿದರು. "ಇದರ ವಾಸನಿ ಆಗತೈತೇನ್ರಿ?" ಎಂದವರು ಮುಂದಿನ ಬಾಗಿಲು ಧಡ್ ಎಂದು ಮುಚ್ಚಿ ನಮ್ಮನ್ನಷ್ಟೇ ಕರೆದುಕೊಂಡು ನಿಪ್ಪಾಣಿಗೆ ಹೊರಟರು.

ಅವರ ಮನೆಯಲ್ಲಿ ನಾನು ಹೊಸ ಸೀರೆ ಉಟ್ಟು ಚಾಪೆಯ ಮೇಲೆ ಕುಳಿತೆ. ಮಧ್ಯಾಹ್ನ ಸರಿಯಿತು, ಅಪ್ಪನ ಸುಳಿವಿಲ್ಲ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹೆಣ್ಣಿನ ತಂದೆ ಇಲ್ಲದೆ ಶಾಸ್ತ್ರವಿಲ್ಲ, ಶಾಸ್ತ್ರವಿಲ್ಲದೆ ಊಟವಿಲ್ಲ. ಹೋಳಿಗೆ ಆರಿ ಹೋದವು. ಪಡಸಾಲೆಯಲ್ಲಿ ಕಾಕಾ ಎಲ್ಲರಿಗೂ ಕೇಳುವಂತೆಯೇ ಹೇಳಿದರು: "ಸಂಬಂಧ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ತು. ನಮ್ಮ ಕಾರಿಗೆ ಅವಮಾನ ಮಾಡೂದ ಯಾಕ? ಹೊತ್ತು ಮುಳುಗೂತನಾ ನೋಡೂಣು, ಆಮ್ಯಾಲ ಅವರ ದಾರಿ ಅವರಿಗೆ." ಅವ್ವ ನನ್ನ ಕೈ ಹಿಡಿದಳು. ನಿಜ ಹೇಳಿಬಿಡು ಎಂದು ಅವಳ ಕಿವಿಯಲ್ಲಿ ಅಂದೆ. ಹೇಳುವುದು ನಿನ್ನಪ್ಪನ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ ಎಂದಳು. ಆ ಹೊತ್ತಿನಲ್ಲಿ ಅಪ್ಪನ ಪುಣ್ಯದ ಮೇಲೆ ನನಗೆ ವಿಪರೀತ ಸಿಟ್ಟು ಬಂತು.

ಹುಡುಗ ಯಾರಿಗೂ ಹೇಳದೆ ಮೋಟರ್‌ಸೈಕಲ್ ತೆಗೆದುಕೊಂಡು ಹೊರಟ. ಎದುರುಗಾಳಿಗೆ ಸೋತ ಅಪ್ಪ ಚಿಕ್ಕೋಡಿ ದಾಟಿ ಏರಿನಲ್ಲಿ ಸೈಕಲ್ ನೂಕುತ್ತ ಬರುತ್ತಿದ್ದನಂತೆ. ಮುಂದಿನದನ್ನು ನಾವೆಲ್ಲ ಕಿಟಕಿಯಿಂದ ಕಣ್ಣಾರೆ ಕಂಡೆವು. ಬಿಸಿಲು ಎದುರು ಮನೆಯ ಹಂಚಿನ ಮೇಲಷ್ಟೇ ಉಳಿದಿತ್ತು. ಓಣಿಯ ತಿರುವಿನಲ್ಲಿ ಅಪ್ಪನ ಸೈಕಲ್ ಬಂತು. ತುಳಿಯುತ್ತಿದ್ದವನು ಮದುಮಗ, ಶರ್ಟು ಬೆನ್ನಿಗೆ ಅಂಟಿತ್ತು. ಹಿಂದಿನ ಕ್ಯಾರಿಯರ್ ಮೇಲೆ ಧೋತರ ಎತ್ತಿ ಕಟ್ಟಿಕೊಂಡು, ಒಂದು ಕೈಯಲ್ಲಿ ಟೋಪಿ ಹಿಡಿದು ಅಪ್ಪ ಕುಳಿತಿದ್ದ. ಮೋಟರ್‌ಸೈಕಲ್ ಯಾರದೋ ಹೊಲದ ಗುಡಿಸಲಲ್ಲಿ ಬಿಟ್ಟುಬಂದಿದ್ದರು.

ಅಜ್ಜಿ ಹಾಸಿಗೆಯಿಂದಲೇ ನಕ್ಕರು: "ಈಗಿಂದನ ಮಾವನ ಭಾರ ಹೊರಾಕತ್ತಾನ." ಅವರು ನಕ್ಕ ಮೇಲೆ ಕಾಕಾ ಸಿಟ್ಟಿನಲ್ಲಿ ಒಬ್ಬರೇ ಉಳಿಯುವುದು ಕಷ್ಟವಾಯಿತು. ಗಡಿಬಿಡಿಯಲ್ಲಿ ಸಕ್ಕರೆ ಹಂಚಿದರು, ಗಡಿಬಿಡಿಯಲ್ಲೇ ಉಂಡೆವು. ಅಷ್ಟು ಅವಸರದ ಸಾಖರಪುಡಾ ನಮ್ಮ ಬಳಗದಲ್ಲಿ ಮತ್ತೊಂದಾಗಿಲ್ಲ.

ಅಪ್ಪ ತನ್ನ ನೇಮದ ಬಗ್ಗೆ ಅವ್ವನಿಗೂ ನನಗೂ ಸಾಯುವವರೆಗೆ ಹೇಳಲಿಲ್ಲ. ಅವ್ವನ ಮಾತಿಗೆ ಕಟ್ಟುಬಿದ್ದು ನಾನೂ ಗಂಡನಿಗೆ ಹೇಳಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಬದುಕಿದ್ದೇನೆಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ. ಕಳೆದ ವಾರ ಮಗನ ಭಾಷಣ ಮುಗಿದು ಅವನು ಒಳಗೆ ಹೋದ ಮೇಲೆ ಗಂಡನನ್ನು ಕೇಳಿಯೇಬಿಟ್ಟೆ.

"ಅವತ್ತು ಅಪ್ಪಾ ನಿಮ್ಮ ಗಾಡಿ ಯಾಕ ಹತ್ತಲಿಲ್ಲಂತ ನೀವೆಂದೂ ಕೇಳಲಿಲ್ಲಲ್ರಿ."

ಅವರು ಶೇಂಗಾ ಸುಲಿಯುತ್ತಿದ್ದರು. "ನಾ ಕೇಳಲಿಲ್ಲ. ಅವರಾಗೇ ಹೇಳಿದ್ರು," ಎಂದರು. "ಏರಿನ್ಯಾಗ ಸೈಕಲ್ ನಿಲ್ಲಿಸಿ, ಹಿಂಗ ನೇಮ ಐತ್ರಿ, ನಿಮ್ಮ ಮನಿಗೆ ಅವಮಾನ ಮಾಡಬೇಕಂತ ಅಲ್ರಿ ಅಂದ್ರು. ಯಾರ ಮುಂದೂ ಹೇಳಬ್ಯಾಡ್ರಿ ಅಂದಿದ್ರು. ಹೇಳಿಲ್ಲ."

"ಹೇಳಿದ್ರ ಪುಣ್ಯ ಹೋಗತೈತಿ ಅಂತ ಅವರಿಗೆ ಗೊತ್ತಿತ್ತು."

"ಅದನ್ನೂ ಅಂದ್ರು. ಹೋದ್ರ ಹೋಗ್ಲಿ, ನನ್ನ ಮಗಳಿಗೆ ನೀವು ಮನಸಿಗೆ ಬಂದೀರಿ ಅಂದ್ರು."

ನಾನು ಅಪ್ಪನಿಗೆ ಏನೂ ಹೇಳಿರಲಿಲ್ಲ. ಒಂದೇ ಒಂದು ಸಲ ತಲೆಯೆತ್ತಿ ನೋಡಿದ್ದೆ, ಅದನ್ನು ಅವನು ನೋಡಿದ್ದ.